ಬರಹಗಾರರಿಗೆ ಸಲಹೆ: ಮೊದಲು ಪದರದ ಕಥೆ, ಆಮೇಲೆ ಗಿಡದ ಮದ್ದು

ನಮಸ್ಕಾರ.

ನೀವು ಕಳಿಸಿದ ‘ಶಿಲೀಂಧ್ರಕ್ಕೆ ಗಿಡಗಳ ಉತ್ತರ’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ಭಾಷೆಯೂ ಸರಾಗವಾಗಿದೆ. ಅದಕ್ಕೇ ಒಂದು ಸಾಲಿನಲ್ಲಿ ಬೇಡ ಎಂದು ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ಕ್ಯಾಂಡಿಡಾದಂಥ ಶಿಲೀಂಧ್ರ ಬಯೋಫಿಲ್ಮ್ ಎಂಬ ಅಂಟು ಪದರ ಕಟ್ಟಿಕೊಂಡರೆ ಔಷಧಿ ನಾಟುವುದಿಲ್ಲ. ಲವಂಗದ ಯುಜೆನಾಲ್, ಓಮದ ಥೈಮಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಅರಿಶಿನದ ಕರ್ಕ್ಯುಮಿನ್ ಆ ಪದರವನ್ನು ಕರಗಿಸುತ್ತವೆ. ಹಾಗಾಗಿ ಮದ್ದು ಸಿಕ್ಕಾಯಿತು. ಇದರಲ್ಲಿ ಮೊದಲ ಮಾತು ಹೆಚ್ಚು ಕಡಿಮೆ ಸರಿ. ಎರಡನೆಯದು ಅರ್ಧ ಸರಿ. ಮೂರನೆಯದು ತಪ್ಪು.

ಬಯೋಫಿಲ್ಮ್ ಬಗ್ಗೆ ನೀವು ಬರೆದಿರುವುದು ಎರಡೇ ಸಾಲು, ಗಿಡಗಳ ಪಟ್ಟಿಗೆ ಎರಡು ಪುಟ. ಇದು ತಿರುಗುಮುರುಗಾಗಬೇಕು. ಪದರ ಹೇಗಿರುತ್ತದೆ ಅಂತ ಕಣ್ಣಿಗೆ ಕಟ್ಟದಿದ್ದರೆ ಅದನ್ನು ಒಡೆಯುವುದು ಯಾಕೆ ಕಷ್ಟ ಅನ್ನುವುದೂ ಓದುಗರಿಗೆ ತಿಳಿಯುವುದಿಲ್ಲ. ಕ್ಯಾಂಡಿಡಾ ಆಲ್ಬಿಕಾನ್ಸ್‌ನ ದುಂಡನೆಯ ಕೋಶಗಳು ಮೊದಲು ಕ್ಯಾಥೆಟರ್ ನಳಿಕೆಗೋ, ಹಲ್ಲುಸೆಟ್ಟಿಗೋ, ಕೃತಕ ಹೃದಯ ಕವಾಟಕ್ಕೋ ಅಂಟಿಕೊಳ್ಳುತ್ತವೆ. ಆಮೇಲೆ ಉದ್ದನೆಯ ಎಳೆಗಳನ್ನು ಚಾಚುತ್ತವೆ. ಒಂದೆರಡು ದಿನದಲ್ಲಿ ಆ ಎಳೆಗಳ ನಡುವೆ ಸಕ್ಕರೆಯ ಸರಪಳಿಗಳು, ಪ್ರೋಟೀನು, ಕೋಶಗಳಿಂದ ಹೊರಬಿದ್ದ ಡಿಎನ್‌ಎ ಎಲ್ಲ ಸೇರಿ ಒಂದು ಅಂಟು ತುಂಬಿಕೊಳ್ಳುತ್ತದೆ. ಬಲಿತ ಪದರದಿಂದ ಹೊಸ ಕೋಶಗಳು ಕಳಚಿಕೊಂಡು ರಕ್ತ ಸೇರುತ್ತವೆ.

ಔಷಧಿ ಸೋಲುವುದು ಇಲ್ಲೇ. ಅಂಟಿನಲ್ಲಿರುವ ಬೀಟಾ ಗ್ಲುಕಾನ್ ಎಂಬ ಸಕ್ಕರೆ ಸರಪಳಿ, ಶಿಲೀಂಧ್ರಕ್ಕೆ ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್ ಔಷಧಿಯನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪದರ ಎಳೆಯದಾಗಿರುವಾಗ, ಒಳಗೆ ಹೋದ ಔಷಧಿಯನ್ನೂ ಕೋಶದ ಪಂಪುಗಳು ಹೊರಗೆ ತಳ್ಳುತ್ತವೆ. ಸಾಲದ್ದಕ್ಕೆ, ಸುಮ್ನೆ ಮಲಗಿದಂತಿರುವ ಕೆಲವು ಕೋಶಗಳು ಎಲ್ಲವನ್ನೂ ತಡೆದುಕೊಂಡು ಮತ್ತೆ ಬೆಳೆಯುತ್ತವೆ. ಬಿಡಿ ಕೋಶಗಳನ್ನು ತಡೆಯುವ ಪ್ರಮಾಣದ 1000 ಪಟ್ಟು ಹಾಕಿದರೂ ಕೆಲವೊಮ್ಮೆ ಪದರ ಜಗ್ಗುವುದಿಲ್ಲ. ಇಷ್ಟು ಒಳ್ಳೆಯ ಕಥೆಯನ್ನು ಎರಡು ಸಾಲಿಗೆ ಇಳಿಸಿದ್ದೀರಲ್ಲ!

ಇನ್ನೊಂದು ವಿಷಯ ಬಿಟ್ಟುಹೋಗಿದೆ. ಎಲ್ಲ ಔಷಧಿಯೂ ಸೋಲುವುದಿಲ್ಲ. ಕ್ಯಾಸ್ಪೊಫಂಜಿನ್ ಗುಂಪಿನವು ಮತ್ತು ಲಿಪೊಸೋಮ್ ರೂಪದ, ಅಂದರೆ ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿದ ಆಂಫೊಟೆರಿಸಿನ್ ಬಿ ಪದರದ ಮೇಲೂ ಸಾಕಷ್ಟು ಕೆಲಸ ಮಾಡುತ್ತವೆ. ಅವು ಮಾತ್ರೆಗಳಲ್ಲ, ರಕ್ತನಾಳಕ್ಕೆ ಕೊಡುವಂಥವು. ಸಾಧ್ಯವಿದ್ದಾಗ ವೈದ್ಯರು ಸೋಂಕಿನ ಕ್ಯಾಥೆಟರನ್ನೇ ತೆಗೆದುಹಾಕುತ್ತಾರೆ. ಇದನ್ನು ಹೇಳದೆ ಹೋದರೆ ಗಿಡಗಳೇ ಕೊನೆಯ ಆಸರೆ ಅನ್ನಿಸಿಬಿಡುತ್ತದೆ. ನಿಮ್ಮ ಲೇಖನ ಓದಿದಾಗ ನನಗೂ ಹಾಗೇ ಅನ್ನಿಸಿತು.

ಈಗ ಆ ಅರ್ಧ ಸರಿಯಾದ ಮಾತಿಗೆ ಬರೋಣ. ನೀವು ಆಧಾರವಾಗಿ ಹಿಡಿದ ಪ್ರಯೋಗಗಳು ನಡೆದಿರುವುದು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅಂಥ ಪ್ರಯೋಗ ಓದುವಾಗ ಮೊದಲು ಕೇಳಬೇಕಾದದ್ದು, ಗಿಡದ ಸಾರವನ್ನು ಹಾಕಿದ್ದು ಯಾವಾಗ? ಕೋಶಗಳು ಅಂಟಿಕೊಳ್ಳುವ ಮೊದಲೋ, 24 ಅಥವಾ 48 ಗಂಟೆ ಬೆಳೆದ ಪದರದ ಮೇಲೋ? ಪದರ ಕಟ್ಟದಂತೆ ತಡೆಯುವುದು ಸುಲಭ. ಕಟ್ಟಿದ್ದನ್ನು ಒಡೆಯುವುದಕ್ಕೆ ಸಾಮಾನ್ಯವಾಗಿ ಎಷ್ಟೋ ಪಟ್ಟು ಜಾಸ್ತಿ ಬೇಕು. ಆಸ್ಪತ್ರೆಗೆ ಬರುವ ರೋಗಿಯಲ್ಲಿ ಪದರ ಆಗಲೇ ಕಟ್ಟಿರುತ್ತದೆ. ನೀವು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದ್ದೀರಿ.

ಅಳತೆಯಲ್ಲೂ ಮೋಸ ಹೋಗುವ ಜಾಗಗಳಿವೆ. ಪದರ ಎಷ್ಟು ಜೀವಂತವಾಗಿದೆ ಅಂತ ನೋಡಲು ಬಣ್ಣ ಬದಲಾಗುವ ಎಕ್ಸ್‌ಟಿಟಿ ಪರೀಕ್ಷೆ ಬಳಸುತ್ತಾರೆ. ಬಣ್ಣ ಕಡಿಮೆಯಾದರೆ ಕೋಶ ಸತ್ತಿದೆ ಅಂತಲೇ ಅಲ್ಲ, ಮಂಕಾಗಿಯೂ ಇರಬಹುದು. ಕರ್ಕ್ಯುಮಿನ್‌ಗೆ ತನ್ನದೇ ಗಾಢ ಹಳದಿ ಬಣ್ಣವಿದೆ, ಅದು ಓದಿಕೆಯನ್ನೇ ಕೆಡಿಸಬಹುದು. ಥೈಮಾಲ್‌ನಂಥವು ಆವಿಯಾಗಿ ಪಕ್ಕದ ಗುಳಿಗೂ ಹೋಗುತ್ತವೆ.

ಸರಿ, ತಟ್ಟೆಯಲ್ಲಿ ಪದರ ನಿಜವಾಗಿಯೂ ಒಡೆಯಿತು ಅಂದುಕೊಳ್ಳೋಣ. ಅಷ್ಟು ಪ್ರಮಾಣ ದೇಹದೊಳಗೆ ಸೇರುತ್ತದೆಯೇ, ಸೇರಿದರೆ ದೇಹ ತಾಳುತ್ತದೆಯೇ? ಶಿಲೀಂಧ್ರದ ಕೋಶ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಕೋಶಕ್ಕೆ ಹತ್ತಿರ. ಶಿಲೀಂಧ್ರದ ಔಷಧಿಗಳಲ್ಲಿ ಬೆರಳೆಣಿಕೆಯ ಗುಂಪುಗಳಷ್ಟೇ ಇರುವುದಕ್ಕೆ ಇದೂ ಒಂದು ಕಾರಣ. ಥೈಮಾಲ್, ಅದರ ಹತ್ತಿರದ ನೆಂಟ ಕಾರ್ವಕ್ರಾಲ್ ಶಿಲೀಂಧ್ರದ ಪೊರೆಯನ್ನು ಕೆಡಿಸುತ್ತವೆ ನಿಜ. ಪ್ರಮಾಣ ಹೆಚ್ಚಿದರೆ ನಮ್ಮ ಕೋಶದ ಪೊರೆಯನ್ನೂ ಬಿಡುವುದಿಲ್ಲ. ಲವಂಗದ ಎಣ್ಣೆ ಜಾಸ್ತಿ ಹೊಟ್ಟೆಗೆ ಹೋದರೆ ಯಕೃತ್ತಿಗೆ ಪೆಟ್ಟು. ಟೀ ಟ್ರೀ ಎಣ್ಣೆ ಕುಡಿದರೆ ವಿಷ. ಕರ್ಕ್ಯುಮಿನ್ ಕಥೆ ಉಲ್ಟಾ: ನುಂಗಿದ್ದು ರಕ್ತ ಸೇರುವುದೇ ಕಡಿಮೆ, ಸೇರಿದ್ದೂ ಬೇಗ ಬದಲಾಗಿ ಹೋಗುತ್ತದೆ.

ಹಾಗಂತ ಗಿಡಗಳಲ್ಲಿ ಏನೂ ಇಲ್ಲ ಅಂತ ಬರೆಯಿರಿ ಅನ್ನುತ್ತಿಲ್ಲ. ನಿಜವಾದ ಆಸೆ ಇರುವ ಜಾಗಗಳನ್ನು ನೀವು ಮುಟ್ಟಿಯೇ ಇಲ್ಲ. ಶಿಲೀಂಧ್ರವನ್ನು ಕೊಲ್ಲದೆ, ಎಳೆ ಚಾಚದಂತೆ ಮಾತ್ರ ತಡೆಯುವುದು ಒಂದು ದಾರಿ. ಹಲವು ಗಿಡಗಳ ಎಣ್ಣೆಯಲ್ಲಿ ಫಾರ್ನೆಸಾಲ್ ಇದೆ. ಕ್ಯಾಂಡಿಡಾ ತಾನೇ ಅದನ್ನು ತಯಾರಿಸಿ ತನ್ನ ಎಳೆಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಇದನ್ನು ಓದಿ ಯಾರಿಗಾದರೂ ಬೆರಗಾಗದೆ ಇರುತ್ತದೆಯೇ? ಯುಜೆನಾಲ್, ಮರದರಿಶಿನದ ಬರ್ಬೆರಿನ್‌ನಂಥವನ್ನು ಫ್ಲುಕೊನಜೋಲ್ ಜೊತೆ ಸೇರಿಸಿ ನೋಡಿದ ಪ್ರಯೋಗಗಳಿವೆ. ಒಂದೊಂದಾಗಿ ಸೋತವು ಜೊತೆಯಾದಾಗ ಕೆಲವು ಕಡೆ ಗೆದ್ದಿವೆ. ನಳಿಕೆಗೆ, ಹಲ್ಲುಸೆಟ್ಟಿಗೆ ಮೊದಲೇ ಲೇಪ ಹಚ್ಚುವ ಯೋಚನೆಯೂ ಇದೆ. ಅಲ್ಲಿ ಔಷಧಿ ಇಡೀ ದೇಹ ಸುತ್ತಬೇಕಾಗಿಲ್ಲ.

ಇನ್ನೊಂದು ಸಂಗತಿ, ಇದನ್ನು ಬಿಡಬೇಡಿ. ಜೂನಿಪರ್ ಗಿಡದ ಎಲೆಯಲ್ಲಿ ವಾಸಿಸುವ ಒಂದು ಶಿಲೀಂಧ್ರದಿಂದ ಎನ್ಫ್ಯುಮಫಂಜಿನ್ ಎಂಬ ವಸ್ತು ಸಿಕ್ಕಿತು. ಅದನ್ನು ತಿದ್ದಿ ಮಾಡಿದ ಐಬ್ರೆಕ್ಸಾಫಂಜರ್ಪ್ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು, ಯೋನಿಯ ಯೀಸ್ಟ್ ಸೋಂಕಿಗೆ. ಎಲೆಯಲ್ಲಿ ಹುಡುಕಿದವರಿಗೆ ಸಿಕ್ಕಿದ್ದು ಎಲೆಯ ರಸವಲ್ಲ, ಎಲೆಯ ಬಾಡಿಗೆದಾರ!

ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ‘ಓದುಗರು ಈ ಎಣ್ಣೆಗಳನ್ನು ಪ್ರಯತ್ನಿಸಿ ನೋಡಬಹುದು’ ಅಂತ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಕ್ಯಾಂಡಿಡಾ ಆಲ್ಬಿಕಾನ್ಸ್ ಮತ್ತು ಕ್ಯಾಂಡಿಡಾ ಆರಿಸ್ ಎರಡನ್ನೂ ಮೊದಲ ಸಾಲಿನಲ್ಲೇ ಇಟ್ಟಿತು. ರಕ್ತಕ್ಕೆ ಇಳಿದ ಕ್ಯಾಂಡಿಡಾ ಜೀವ ತೆಗೆಯುತ್ತದೆ. ಅಂಥ ರೋಗಿಯ ಮನೆಯವರು ನಿಮ್ಮ ಸಾಲು ನಂಬಿ ಎರಡು ದಿನ ತಡಮಾಡಿದರೆ? ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ತಿದ್ದಿ ಕಳಿಸಿ. ಪ್ರತಿ ಪ್ರಯೋಗದ ಪಕ್ಕದಲ್ಲೂ ಅದು ತಟ್ಟೆಯಲ್ಲೋ, ಪ್ರಾಣಿಯಲ್ಲೋ, ಮನುಷ್ಯರಲ್ಲೋ ಅಂತ ಬರೆಯಿರಿ. ಮೂಲ ಪ್ರಬಂಧಗಳನ್ನೂ ಜೊತೆಗೆ ಇಡಿ, ನಾನೂ ಓದುತ್ತೇನೆ. ಹನ್ನೊಂದು ಗಿಡ ಬೇಡ, ಎರಡು ಸಾಕು. ಯಾವ ಎರಡು ಅನ್ನುವುದು ನಿಮಗೆ ಬಿಟ್ಟದ್ದು, ಕರ್ಕ್ಯುಮಿನ್ ಒಂದು ಬಿಟ್ಟು.