ನೀವು ಕೇಳಿದಿರಿ: ಕಂಪ್ಯೂಟರ್ ಸೈನ್ಸ್ ಮತ್ತು ಮಾಹಿತಿ ಭದ್ರತೆಯ ಓದು

ಪ್ರಶ್ನೆ: ಸಿಇಟಿ ಆಯ್ಕೆ ಪಟ್ಟಿ ತುಂಬಬೇಕು. ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಲೋ, ಸೈಬರ್ ಸೆಕ್ಯುರಿಟಿ ಹೆಸರಿನ ಬ್ರಾಂಚ್ ಸೇರಲೋ?
ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಬ್ರಾಂಚಿನ ಹೆಸರು ಬದಿಗಿಡಿ. ಎರಡೂ ಬ್ರಾಂಚಿನ ಮೂರರಿಂದ ಆರನೇ ಸೆಮಿಸ್ಟರಿನ ಪಠ್ಯಕ್ರಮ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಕಂಪ್ಯೂಟರ್ ಆರ್ಗನೈಸೇಷನ್, ಡೇಟಾಬೇಸ್, ಡಿಸ್ಕ್ರೀಟ್ ಗಣಿತ ಇಷ್ಟೂ ಪೂರ್ಣ ವಿಷಯಗಳಾಗಿದ್ದರೆ ಯಾವುದಾದರೂ ಸರಿ. ಇವುಗಳಲ್ಲಿ ಒಂದನ್ನು ತೆಗೆದು ಟೂಲ್ ಕಲಿಸುವ ವಿಷಯ ತುರುಕಿದ್ದರೆ ಕಂಪ್ಯೂಟರ್ ಸೈನ್ಸನ್ನೇ ಆರಿಸಿ. ಮೂಲ ವಿಷಯ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ: ಫಂಕ್ಷನ್ (ಪ್ರೋಗ್ರಾಮಿನ ಒಂದು ತುಣುಕು) ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸ ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ, ದತ್ತಾಂಶ ಸಾಲಾಗಿಡುವ ಅರೇಯ ಆಚೆಗೇ ಕೂತಿರುತ್ತದೆ. ಅರೇಯ ಗಡಿ ದಾಟಿ ಬರೆದರೆ ಆ ವಿಳಾಸವೇ ಬದಲಾಗುತ್ತದೆ. ಬಫರ್ ಓವರ್‌ಫ್ಲೋ ಎಂದರೆ ಇದೇ. ಸ್ಟ್ಯಾಕ್ ಗೊತ್ತಿಲ್ಲದವರಿಗೆ ಯಾವ ಟೂಲೂ ಇದನ್ನು ಅರ್ಥ ಮಾಡಿಸಲಾರದು. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲೂ ಸೈಬರ್ ಸೆಕ್ಯುರಿಟಿಗೆ ಬೇರೆ ಪತ್ರಿಕೆಯಿಲ್ಲ. ಕೇಳುವುದು ಈ ಮೂಲ ವಿಷಯಗಳನ್ನೇ.

ಪ್ರಶ್ನೆ: 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಕಾಲಿ ಲಿನಕ್ಸ್ (ಭದ್ರತಾ ಪರೀಕ್ಷೆಯ ಟೂಲ್‌ಗಳಿರುವ ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡಿದ್ದೇನೆ. ಮುಂದೇನು ಮಾಡಲಿ?
ಎರಡನೇ ವರ್ಷದ ಬಿ.ಇ. ವಿದ್ಯಾರ್ಥಿ, ತುಮಕೂರು

ನಿಮಗೀಗ ಬೇಕಿರುವುದು ಪ್ರಯೋಗಕ್ಕೊಂದು ಗುರಿ. ಲ್ಯಾಪ್‌ಟಾಪಿನೊಳಗೇ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಯಂತ್ರ ಮಾಡಿಕೊಳ್ಳಿ. ಕಾಲಿಗೆ 2 ಜಿಬಿ ರ್‍ಯಾಮ್, 30 ಜಿಬಿ ಡಿಸ್ಕ್. ಕಲಿಯುವವರಿಗಾಗಿ ಬೇಕೆಂದೇ ದೋಷ ಉಳಿಸಿರುವ ಮೆಟಾಸ್ಪ್ಲಾಯ್ಟಬಲ್ 2ಕ್ಕೆ 512 ಎಂಬಿ ಸಾಕು. ಅದು ಡಿಸ್ಕ್ ಫೈಲಾಗಿಯೇ ಸಿಗುವುದರಿಂದ, ಹೊಸ ಯಂತ್ರ ಮಾಡುವಾಗ ಈಗಾಗಲೇ ಇರುವ ಡಿಸ್ಕ್ ಬಳಸುವ ಆಯ್ಕೆ ಒತ್ತಿ. ವಿಟಿ-ಎಕ್ಸ್ (ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯ) ಇಲ್ಲವೆಂಬ ಸಂದೇಶ ಬಂದರೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಮಾಡಿ.

ಹೆಚ್ಚಿನವರು ಎಡವುವುದು ನೆಟ್‌ವರ್ಕ್ ಜೋಡಣೆಯಲ್ಲಿ. ಕಾಲಿಯನ್ನು ಮೊದಲು ಇಂಟರ್ನೆಟ್ ಸಿಗುವ ನ್ಯಾಟ್ ಆಯ್ಕೆಯಲ್ಲಿಟ್ಟು ಅಪ್‌ಡೇಟ್ ಮಾಡಿ, ಆಮೇಲೆ ಎರಡೂ ಯಂತ್ರಗಳನ್ನು ಲ್ಯಾಪ್‌ಟಾಪಿನೊಳಗೇ ಉಳಿಯುವ ಹೋಸ್ಟ್-ಓನ್ಲಿ ಜಾಲಕ್ಕೆ ಬದಲಿಸಿ. ಎರಡಕ್ಕೂ ಸಾಮಾನ್ಯವಾಗಿ 192.168.56ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಸಿಗದಿದ್ದರೆ ಆ ಜಾಲದಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಆಗಿದೆಯೇ ನೋಡಿ. ಹೊರಗಿನ ಜಾಲಕ್ಕೆ ನೇರ ಸೇರಿಸುವ ಬ್ರಿಡ್ಜ್ಡ್ ಮಾತ್ರ ಬೇಡವೇ ಬೇಡ. ಹಾಗಿಟ್ಟರೆ ಬಾಗಿಲೆಲ್ಲ ತೆರೆದ ಆ ಯಂತ್ರ ಹಾಸ್ಟೆಲ್ ವೈಫೈಯಲ್ಲಿ ಎಲ್ಲರಿಗೂ ಸಿಗುತ್ತದೆ.

ಮೊದಲ ಪ್ರಯೋಗಕ್ಕೆ ಕಾಲಿಯಲ್ಲಿ ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟು ಇನ್ನೊಂದಕ್ಕೆ ಟೆಲ್ನೆಟ್ (ಗೂಢಲಿಪಿಯಿಲ್ಲದ ದೂರ ಲಾಗಿನ್) ಮೂಲಕ ಲಾಗಿನ್ ಆಗಿ. ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡೂ ಎಂಎಸ್‌ಎಫ್‌ಅಡ್ಮಿನ್ (msfadmin). ಬಳಿಕ ವೈರ್‌ಶಾರ್ಕ್‌ನಲ್ಲಿ ಟಿಸಿಪಿ ಸ್ಟ್ರೀಮ್ (ಆ ಸಂಪರ್ಕದ ಪೂರ್ಣ ಸಂಭಾಷಣೆ) ಬಿಚ್ಚಿ ನೋಡಿದರೆ ಎರಡೂ ಬಯಲಾಗಿರುತ್ತವೆ. ಹೆಸರಿನ ಪ್ರತಿ ಅಕ್ಷರ ಎರಡೆರಡು ಸಲ, ಪಾಸ್‌ವರ್ಡಿನದು ಒಂದೇ ಸಲ. ಹೆಸರನ್ನು ಪರದೆಯಲ್ಲಿ ತೋರಿಸಲು ಸರ್ವರ್ ಅಕ್ಷರಗಳನ್ನು ವಾಪಸು ಕಳಿಸುತ್ತದೆ, ಪಾಸ್‌ವರ್ಡನ್ನು ಕಳಿಸುವುದಿಲ್ಲ.

ಅದನ್ನೇ ಗೂಢಲಿಪಿ ಬಳಸುವ ಎಸ್‌ಎಸ್‌ಎಚ್‌ನಲ್ಲಿ ಮಾಡಹೊರಟರೆ ಕೀ ಬಗೆ ಹೊಂದುತ್ತಿಲ್ಲವೆಂದು ಸಂಪರ್ಕವೇ ಮುರಿಯಬಹುದು. ಮೆಟಾಸ್ಪ್ಲಾಯ್ಟಬಲ್‌ನ ಹಳೆಯ ಸರ್ವರ್ ಶಾ-1 ಎಂಬ ಹ್ಯಾಶ್ (ದತ್ತಾಂಶದ ಬೆರಳಚ್ಚು ಲೆಕ್ಕಿಸುವ ವಿಧಾನ) ಆಧರಿಸಿದ ಸಹಿಗಳನ್ನಷ್ಟೇ ಕೊಡಬಲ್ಲದು. 2017ರಲ್ಲಿ ಶಾ-1 ಹ್ಯಾಶ್‌ನ ಡಿಕ್ಕಿಯನ್ನು (ಎರಡು ಬೇರೆ ದತ್ತಾಂಶಕ್ಕೆ ಒಂದೇ ಹ್ಯಾಶ್) ಸಾಧಿಸಿ ತೋರಿಸಲಾಯಿತು, 2021ರ ಓಪನ್ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್‌ನ ಒಂದು ತಂತ್ರಾಂಶ) 8.8ರಿಂದ ಅಂಥ ಆರ್‌ಎಸ್‌ಎ ಸಹಿಗಳು ಪೂರ್ವನಿಯೋಜಿತವಾಗಿ ಬಂದ್. ಆ ಒಂದು ಸಂಪರ್ಕಕ್ಕಷ್ಟೇ ಅನುಮತಿ ಕೊಡಿ, ಇಡೀ ಸಂರಚನೆ ಸಡಿಲಿಸಬೇಡಿ.

ಪ್ರಶ್ನೆ: ಗಣಿತ ಕಂಡರೆ ಭಯ. ಕ್ರಿಪ್ಟೋಗ್ರಫಿ ದಕ್ಕೀತೆ?
ಬಿಸಿಎ ವಿದ್ಯಾರ್ಥಿನಿ, ಶಿರಸಿ

ಖಂಡಿತ ದಕ್ಕುತ್ತದೆ. ಶುರುವಿಗೆ ಬೇಕಾದದ್ದು ಶೇಷದ ಲೆಕ್ಕ. ಎರಡು ಕೀಗಳ ಗೂಢಲಿಪಿ ವಿಧಾನವಾದ ಆರ್‌ಎಸ್‌ಎಯನ್ನು ಕಾಗದದ ಮೇಲೇ ಮಾಡಿ. ಅವಿಭಾಜ್ಯ ಸಂಖ್ಯೆಗಳು 3 ಮತ್ತು 11, ಗುಣಲಬ್ಧ 33. ಒಂದೊಂದು ಕಳೆದು ಗುಣಿಸಿದರೆ 20. ಸಾರ್ವಜನಿಕ ಕೀ 3, ಖಾಸಗಿ ಕೀ 7. ಏಕೆಂದರೆ 21ನ್ನು 20ರಿಂದ ಭಾಗಿಸಿದರೆ ಶೇಷ 1. ಸಂದೇಶ 4 ಆದರೆ ಅದರ ಘನ 64, 33ರಿಂದ ಭಾಗಿಸಿದಾಗ ಶೇಷ 31. ಈ 31ರ ಏಳನೇ ಘಾತಕ್ಕೆ ಶೇಷ ಹುಡುಕಲು 31ರ ಬದಲು −2 (31ರಲ್ಲಿ 33 ಕಳೆದದ್ದು) ಹಿಡಿಯಿರಿ: −128, ಅದಕ್ಕೆ 132 (33ರ ನಾಲ್ಕರಷ್ಟು) ಕೂಡಿಸಿದರೆ 4 ಮರಳಿ ಬಂತು. ನಿಜ ಬಳಕೆಯಲ್ಲಿ 33ರ ಜಾಗದಲ್ಲಿರುವುದು 2048 ಬಿಟ್ ಅಥವಾ ಇನ್ನೂ ದೊಡ್ಡ ಸಂಖ್ಯೆ. ಯಾದೃಚ್ಛಿಕ ಪ್ಯಾಡಿಂಗ್ (ಸಂದೇಶಕ್ಕೆ ಸೇರಿಸುವ ಗೊತ್ತುಗುರಿಯಿಲ್ಲದ ಅಂಕಿಗಳು) ಕೂಡ ಬೇಕು. ಇಲ್ಲದಿದ್ದರೆ ಒಂದೇ ಸಂದೇಶಕ್ಕೆ ಸದಾ ಒಂದೇ ಗುಪ್ತಪಠ್ಯ ಬಂದು ಊಹೆಗೆ ಸಿಕ್ಕಿಬಿಡುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಜಾಲತಾಣದಲ್ಲಿ ದೋಷವಿದೆ ಎನಿಸುತ್ತದೆ. ಪರೀಕ್ಷಿಸಬಹುದೇ?
ಬಿ.ಇ. ವಿದ್ಯಾರ್ಥಿ, ಕಲಬುರಗಿ

ಲಿಖಿತ ಅನುಮತಿ ಇಲ್ಲದೆ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರಂತೆ ಅನುಮತಿಯಿಲ್ಲದ ಪ್ರವೇಶಕ್ಕೆ ಪರಿಹಾರ ತೆರಬೇಕಾಗುತ್ತದೆ. ಅದರಲ್ಲಿ ಅಪ್ರಾಮಾಣಿಕತೆ ಅಥವಾ ಮೋಸದ ಉದ್ದೇಶವಿದೆಯೆಂದಾದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಂಡದ್ದನ್ನು ಇನ್ನಷ್ಟು ಕೆದಕದೆ, ಯಾರ ದತ್ತಾಂಶವನ್ನೂ ಇಳಿಸಿಕೊಳ್ಳದೆ, ಪುಟದ ವಿಳಾಸ, ಸಮಯ ಮತ್ತು ನೀವು ಅನುಸರಿಸಿದ ಹಂತಗಳನ್ನು ಬರೆದು ಕಾಲೇಜಿಗೆ ಕಳಿಸಿ. ಉತ್ತರ ಬಾರದಿದ್ದರೆ ಅದೇ ವರದಿಯನ್ನು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಸಲ್ಲಿಸಬಹುದು.