ನರ ಹೊಲಿಸುವುದು ತಡವಾದರೆ ಸ್ನಾಯು ಎಷ್ಟು ಕಾಲ ಕಾಯುತ್ತದೆ?

ಮೊಣಕೈಯ ಹತ್ತಿರ ಗಾಜು ಹೊಕ್ಕು ತಮ್ಮನ ಅಲ್ನಾರ್ ನರ (ಕಿರುಬೆರಳಿನ ಸ್ಪರ್ಶವನ್ನೂ ಅಂಗೈಯ ಹೆಚ್ಚಿನ ಸಣ್ಣ ಸ್ನಾಯುಗಳನ್ನೂ ನೋಡಿಕೊಳ್ಳುವ ನರ) ತುಂಡಾಗಿ ನಾಲ್ಕು ತಿಂಗಳಾಯಿತು, ಈಗ ಶಸ್ತ್ರಚಿಕಿತ್ಸೆ ಮಾಡಿಸಿದರೆ ಕೈಗೆ ಬಲ ಬರುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಅದೇ ನರವನ್ನು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕತ್ತರಿಸಿಕೊಂಡು, ಐದು ತಿಂಗಳ ನಂತರ ಹೊಲಿಸಿಕೊಂಡವನು. ಮೊದಲು ನೋಡಿದವರು ಚರ್ಮಕ್ಕಷ್ಟೇ ಹೊಲಿಗೆ ಹಾಕಿದ್ದರು. ಕಿರುಬೆರಳಿನ ಜೋಮು ತಾನಾಗಿ ಇಳಿಯುತ್ತದೆ ಎಂದು ನಾನೂ ನಂಬಿ ಕುಳಿತೆ.

ನರವೆಂದರೆ ವಿದ್ಯುತ್ ತಂತಿಯಲ್ಲ, ಜೋಡಿಸಿದ ಕೂಡಲೇ ದೀಪ ಹತ್ತುವುದಕ್ಕೆ. ತುಂಡಾದ ಜಾಗದಿಂದ ಕೆಳಗಿನ ತಂತುಗಳು ಕೆಲವೇ ದಿನಗಳಲ್ಲಿ ನಶಿಸಿಹೋಗುತ್ತವೆ. ಹೊಲಿದ ಮೇಲೆ ಹೊಸ ತಂತುಗಳು ಮೇಲಿನ ತುದಿಯಿಂದ ಮೊಳೆತು, ನಶಿಸಿದ ತಂತುಗಳು ಬಿಟ್ಟುಹೋದ ಹಳೆಯ ಕೊಳವೆಗಳೊಳಗೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ತೆವಳಬೇಕು. ಅಂಗೈ 30 ಸೆಂಟಿಮೀಟರ್ ದೂರವಿದ್ದರೆ ಅಲ್ಲಿಗೇ ಹತ್ತು ತಿಂಗಳು. ಅಷ್ಟರಲ್ಲಿ ಸ್ನಾಯು ಸೊರಗುತ್ತಲೇ ಇರುತ್ತದೆ. ಸಾಮಾನ್ಯವಾಗಿ 12ರಿಂದ 18 ತಿಂಗಳು ಕಳೆದರೆ ನರ ಬಂದು ಕೂಡುವ ತಾಣಗಳು ಹಾಳಾಗಿ, ಸ್ನಾಯುವಿನ ಜಾಗದಲ್ಲಿ ನಾರು, ಕೊಬ್ಬು ತುಂಬಿಕೊಳ್ಳುತ್ತವೆ. ತಡವಾದಷ್ಟೂ ಆ ಕೊಳವೆಗಳಿಗೂ ತಂತುಗಳನ್ನು ಬೆಳೆಸುವ ಕಸುವು ಕುಂದುತ್ತದೆ.

ನನ್ನ ಲೆಕ್ಕ ಐದಕ್ಕೆ ಹತ್ತು ಸೇರಿ ಹದಿನೈದು ತಿಂಗಳು. ಮೊಣಕೈಗೆ ಹತ್ತಿರದ, ಮಣಿಕಟ್ಟು ಮಡಿಸುವ ಸ್ನಾಯು ಚೆನ್ನಾಗಿಯೇ ಚೇತರಿಸಿಕೊಂಡಿತು. ಅಂಗೈಯ ಸಣ್ಣ ಸ್ನಾಯುಗಳು ಬರಲಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಇಂದಿಗೂ ಹಳ್ಳ ಬಿದ್ದಿದೆ. ಎರಡರ ನಡುವೆ ಕಾಗದ ಹಿಡಿದಾಗ ಯಾರಾದರೂ ಎಳೆದರೆ ಹೆಬ್ಬೆರಳಿನ ತುದಿ ಕೊಕ್ಕೆಯಂತೆ ಬಾಗುತ್ತದೆ. ಬೀಗ ತೆಗೆಯುವುದು ಎಡಗೈಯ ಕೆಲಸವಾಗಿದೆ. ಸ್ಪರ್ಶ ಮಾತ್ರ ಎರಡನೇ ವರ್ಷದಲ್ಲೂ ಸುಧಾರಿಸುತ್ತಲೇ ಇತ್ತು. ಸಂವೇದನೆಗೆ ಸ್ನಾಯುವಿನಷ್ಟು ಬಿಗಿಯಾದ ಗಡುವಿಲ್ಲ.

ಹಾಗಾಗಿ ನಾಲ್ಕು ತಿಂಗಳು ತಡ ನಿಜ, ಕೈಚೆಲ್ಲುವಷ್ಟು ತಡವಲ್ಲ. ಆದರೆ ಇನ್ನೊಂದು ತಿಂಗಳು ನೋಡೋಣ ಎನ್ನಬೇಡಿ. ನರ ಹೊಲಿಯುವುದರ ಜೊತೆಗೆ, ಮುಂಗೈಯಲ್ಲಿರುವ ಬೇರೊಂದು ನರದ ಕವಲನ್ನು ಮಣಿಕಟ್ಟಿನ ಹತ್ತಿರ ಇದಕ್ಕೆ ಜೋಡಿಸಲು ಸಾಧ್ಯವೇ ಎಂದು ಕೈಯ ಶಸ್ತ್ರಚಿಕಿತ್ಸಕರನ್ನು ಕೇಳಿ. ತೆವಳಬೇಕಾದ ದೂರ ಬಹಳ ಕಡಿಮೆಯಾಗುತ್ತದೆ. ನನಗೆ ಅದನ್ನು ಕೇಳಬೇಕೆಂದೇ ಗೊತ್ತಿರಲಿಲ್ಲ. ಫಿಸಿಯೋಥೆರಪಿ ನರವನ್ನು ಬೇಗ ಬೆಳೆಸಿಬಿಡುವುದಿಲ್ಲ, ಆದರೂ ಬಿಡಬೇಡಿ: ಬೆರಳ ಕೀಲುಗಳು ಬಿಗಿದುಕೊಂಡರೆ, ಮುಂದೆ ಬೇರೆ ಸ್ನಾಯುವಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತಿರುಗಿಸಿ ಜೋಡಿಸುವ ಶಸ್ತ್ರಚಿಕಿತ್ಸೆಯೂ ಕಷ್ಟವಾಗುತ್ತದೆ. ನಾನು ಈಗ ಕಾಯುತ್ತಿರುವುದು ಅದಕ್ಕೇ.