ಬ್ಯಾಂಡ್ ಬಿಡಿಸಬೇಡಿ, ಕಾಲೇಜು ಪಟ್ಟಿ ಕತ್ತರಿಸಿ

ಓದುಗರ ಪತ್ರ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳಿಗೆ ಈ ಸೆಪ್ಟೆಂಬರಿಗೆ ಹನ್ನೆರಡನೇ ತರಗತಿ ಶುರುವಾಗಿದೆ. ಒಂಬತ್ತನೇ ತರಗತಿಯಿಂದಲೂ ಮಾರ್ಚಿಂಗ್ ಬ್ಯಾಂಡಿನಲ್ಲಿದ್ದಾಳೆ, ಈಗ ಕ್ಲಾರಿನೆಟ್ ವಿಭಾಗದ ಮುಂದಾಳು. ಜೊತೆಗೆ ರೋಬಾಟಿಕ್ಸ್, ಭಾನುವಾರ ಭರತನಾಟ್ಯ, ಕನ್ನಡ ಸಂಘದ ರಾಜ್ಯೋತ್ಸವ ನಾಟಕದಲ್ಲಿ ಪಾತ್ರ. ಕಾಲೇಜು ಪಟ್ಟಿಯಲ್ಲಿ ಹದಿನೇಳು ಹೆಸರಿವೆ. ರಾತ್ರಿ ಹನ್ನೊಂದಕ್ಕೆ ಪ್ರಬಂಧ ಬರೆಯಲು ಕೂರುತ್ತಾಳೆ, ಕೂತಲ್ಲೇ ತೂಕಡಿಸುತ್ತಾಳೆ. ಬ್ಯಾಂಡ್ ಬಿಡಿಸೋಣ ಅಂತ ನಮ್ಮ ಮನೆಯವರು. ಬಿಟ್ಟರೆ ಅರ್ಜಿಗೆ ಪೆಟ್ಟು ಅಂತ ಅವಳು. ಏನು ಮಾಡುವುದು? – ಒಬ್ಬ ತಾಯಿ

ಸಂಪಾದಕರ ಉತ್ತರ:

ಅಮ್ಮಾ, ಬ್ಯಾಂಡ್ ಬಿಡಿಸಬೇಡಿ. ಅದು ನವೆಂಬರ್ ನಡುವಿಗೆ ತಾನಾಗಿಯೇ ಮುಗಿಯುತ್ತದೆ. ನಾಲ್ಕು ವರ್ಷ ಹಿಡಿದುಕೊಂಡು ಬಂದು ಮುಂದಾಳುತನದವರೆಗೆ ಏರಿದ ಚಟುವಟಿಕೆ ಅವಳ ಅರ್ಜಿಯಲ್ಲೇ ಗಟ್ಟಿ ಸಾಲು. ಮೈದಾನದ ವಿನ್ಯಾಸದಲ್ಲಿ ಒಬ್ಬೊಬ್ಬರಿಗೂ ಗೊತ್ತುಮಾಡಿದ ಜಾಗವಿರುತ್ತದೆ. ಋತುವಿನ ನಡುವೆ ವಿಭಾಗದ ಮುಂದಾಳೇ ಹೊರಟರೆ ಇಡೀ ತಂಡದ ತಾಲೀಮು ಕೆಡುತ್ತದೆ, ಆ ಮಾತು ಅವಳ ಬಗ್ಗೆ ಕಾಲೇಜಿಗೆ ಬರೆಯುವ ಶಾಲೆಯ ಕೌನ್ಸೆಲರ್ ಕಿವಿಗೂ ಬೀಳುತ್ತದೆ. ಕತ್ತರಿ ಬೀಳಬೇಕಾದದ್ದು ಹದಿನೇಳು ಹೆಸರಿನ ಪಟ್ಟಿಗೆ.

ಲೆಕ್ಕ ನೋಡಿ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ 250ರಿಂದ 650 ಪದ, ಅದು ಒಂದೇ. ಆದರೆ ಪೈಪೋಟಿಯ ಕಾಲೇಜುಗಳು ಅದರ ಮೇಲೆ ತಮ್ಮದೇ ಸಣ್ಣ ಪ್ರಬಂಧಗಳನ್ನು ಕೇಳುತ್ತವೆ. ಕಾಲೇಜಿಗೆ ಎರಡೆಂದು ಹಿಡಿದರೂ ಹದಿನೇಳಕ್ಕೆ ಮೂವತ್ತನಾಲ್ಕು. ‘ನಮ್ಮ ಕಾಲೇಜೇ ಏಕೆ’ ಎಂಬ ಪ್ರಶ್ನೆಗೆ ಬರೆದದ್ದನ್ನು ಇನ್ನೊಂದಕ್ಕೆ ಅಂಟಿಸಲಾಗದು. ಅಂಟಿಸಿದವರು ಹಳೆಯ ಕಾಲೇಜಿನ ಹೆಸರನ್ನು ಅಲ್ಲೇ ಬಿಟ್ಟು ಕಳಿಸುತ್ತಾರೆ. ಕಾಮನ್ ಆ್ಯಪ್ 20 ಕಾಲೇಜಿನವರೆಗೆ ಸೇರಿಸಲು ಬಿಡುತ್ತದೆ ನಿಜ, ಅದು ಮಿತಿಯೇ ಹೊರತು ಗುರಿಯಲ್ಲ. ಎಂಟೋ ಒಂಬತ್ತೋ ಸಾಕು: ಸೀಟು ಬಹುತೇಕ ಖಾತ್ರಿಯಿದ್ದು ನಿಮ್ಮ ಕೈಗೂ ಎಟುಕುವ ಎರಡು, ನಡುಮಟ್ಟದ ನಾಲ್ಕು, ಆಸೆಯವು ಎರಡು ಮೂರು. ‘ಇಲ್ಲಿ ಮಾತ್ರ ಸಿಕ್ಕರೆ ಖುಷಿಯಾಗಿ ಹೋಗುತ್ತೀಯಾ?’ ಎಂದು ಕೇಳಿ. ಹೂಂ ಅನ್ನದ ಹೆಸರುಗಳನ್ನು ಹೊಡೆದುಹಾಕಿ.

ಈ ತಿಂಗಳೇ ಮುಗಿಯಬೇಕಾದದ್ದು ಬೇರೆಯವರ ಕೈಯಲ್ಲಿರುವ ಕೆಲಸ. ಪ್ರಬಂಧ ತಡವಾದರೆ ಅವಳೇ ಒಂದು ರಾತ್ರಿ ಎದ್ದು ಕೂರಬಹುದು, ಮೇಷ್ಟರನ್ನು ಎಬ್ಬಿಸಿ ಕೂರಿಸಲಾದೀತೇ? ಹನ್ನೊಂದನೇ ತರಗತಿಯಲ್ಲಿ ಕಲಿಸಿದ ಇಬ್ಬರು ಶಿಕ್ಷಕರನ್ನು, ಸಾಧ್ಯವಾದರೆ ಒಬ್ಬರು ಗಣಿತ-ವಿಜ್ಞಾನದವರು, ಇನ್ನೊಬ್ಬರು ಇಂಗ್ಲಿಷ್ ಅಥವಾ ಚರಿತ್ರೆಯವರು, ಎದುರು ಹೋಗಿ ಕೇಳಲಿ. ಒಪ್ಪಿದ ಮೇಲೆ ಒಂದೇ ಪುಟದಲ್ಲಿ ಆ ತರಗತಿಯಲ್ಲಿ ತಾನು ಮಾಡಿದ ಪ್ರಾಜೆಕ್ಟ್, ಎಡವಿದ ಜಾಗ, ಅರ್ಜಿಗಳ ಗಡುವು ಬರೆದು ಕೊಡಲಿ. ಸಾಧನೆಗಳ ಉದ್ದ ಪಟ್ಟಿ ಕೊಟ್ಟರೆ ಶಿಫಾರಸು ಪತ್ರವೂ ಪಟ್ಟಿಯಾಗಿಯೇ ಬರುತ್ತದೆ. ಕಾಮನ್ ಆ್ಯಪ್‌ನಲ್ಲಿ ಶಿಕ್ಷಕರ ಹೆಸರು ಸೇರಿಸುವ ಮೊದಲು ಫೆರ್ಪಾ ಎಂಬ ಒಪ್ಪಿಗೆಗೆ ಸಹಿ ಬೇಕು. ಪತ್ರ ಓದುವ ಹಕ್ಕನ್ನು ಬಿಟ್ಟುಕೊಟ್ಟೆ ಎಂದೇ ಗುರುತು ಹಾಕುವುದು ರೂಢಿ, ಗುಟ್ಟಾಗಿ ಬರೆದ ಪತ್ರಕ್ಕೇ ತೂಕ. ಶಾಲೆಯ ಕೌನ್ಸೆಲರ್ ಕಚೇರಿಗೂ ತನ್ನದೇ ಒಳಗಡುವು ಇರುತ್ತದೆ, ಕಾಲೇಜಿನ ಗಡುವಿಗಿಂತ ಎಷ್ಟೋ ವಾರ ಮೊದಲು. ಅದನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ. ನವೆಂಬರ್ ಮೊದಲಲ್ಲಿ ಶಿಕ್ಷಕರ ಸಂಘದ ಸಮಾವೇಶಕ್ಕೆಂದು ನಿಮ್ಮ ರಾಜ್ಯದ ಶಾಲೆಗಳು ಗುರುವಾರ, ಶುಕ್ರವಾರ ಮುಚ್ಚುತ್ತವೆ. ನವೆಂಬರ್ 15ರ ಗಡುವು ನಂಬಿಕೊಂಡವರು ಸಿಕ್ಕಿಬೀಳುವುದು ಅಲ್ಲೇ.

ನಿಮ್ಮ ರಾಜ್ಯದ ವಿಶ್ವವಿದ್ಯಾಲಯ ರಟ್ಗರ್ಸ್ ನಿಮ್ಮ ಪಟ್ಟಿಯಲ್ಲಿದ್ದರೆ ಇನ್ನೊಂದು ಕೆಲಸವಿದೆ. ಅವರಿಗೆ ಅರ್ಜಿಯ ಜೊತೆ ಎಸ್‌ಆರ್‌ಎಆರ್ ಎಂಬ, ವಿದ್ಯಾರ್ಥಿಯೇ ತುಂಬುವ ಓದಿನ ದಾಖಲೆ ಬೇಕು. ಒಂಬತ್ತನೇ ತರಗತಿಯಿಂದ ಓದಿದ ಪ್ರತಿ ವಿಷಯವನ್ನೂ ಗ್ರೇಡನ್ನೂ ವಿದ್ಯಾರ್ಥಿಯೇ ತುಂಬಬೇಕು, ಅದೂ ಶಾಲೆಯ ದಾಖಲೆಯಲ್ಲಿ ಇರುವ ಹಾಗೆಯೇ. ನೆನಪಿನಿಂದ ತುಂಬಿಸಬೇಡಿ, ಕೌನ್ಸೆಲರ್ ಹತ್ತಿರ ಅಂಕಪಟ್ಟಿಯ ಪ್ರತಿ ತೆಗೆದುಕೊಂಡು ಪಕ್ಕದಲ್ಲಿಟ್ಟುಕೊಳ್ಳಿ.

ನಮ್ಮವರ ಮಕ್ಕಳಿಗೆ ಮಾತ್ರ ಬರುವ ಒಂದು ಫಜೀತಿ ಹೆಸರಿನದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಶಾಲೆಯ ದಾಖಲೆಯಲ್ಲಿ ಊರಿನ ಹೆಸರು, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಖಾತೆಯಲ್ಲಿ ಬರೀ ಇನಿಷಿಯಲ್. ಮೂರೂ ಬೇರೆಯಾದರೆ ಅಂಕ ಒಂದು ಕಡೆ, ಅರ್ಜಿ ಇನ್ನೊಂದು ಕಡೆ ಉಳಿದು, ಕಡತ ಅಪೂರ್ಣ ಎಂಬ ಸೂಚನೆ ಬರುತ್ತದೆ. ಕಾನೂನಿನ ಹೆಸರು ಯಾವುದೋ ಅದನ್ನೇ ಎಲ್ಲ ಕಡೆ ಇಡಿ, ಒಂದು ಅಕ್ಷರವೂ ವ್ಯತ್ಯಾಸವಿರದಂತೆ.

ಇನ್ನು ವಾರದ ಹೊತ್ತು. ಶುಕ್ರವಾರ ಸಂಜೆ ಫುಟ್‌ಬಾಲ್ ಪಂದ್ಯ, ಶನಿವಾರ ಬ್ಯಾಂಡ್ ಸ್ಪರ್ಧೆ. ಆ ಎರಡು ದಿನ ಹೋದವೆಂದೇ ಬರೆದುಕೊಳ್ಳಿ. ಭಾನುವಾರ ಬೆಳಿಗ್ಗೆ ಮೂರು ಗಂಟೆಯಷ್ಟು ಹೊತ್ತು, ವಾರದ ನಡುವೆ ಶಾಲೆಯ ಸ್ಟಡಿ ಹಾಲ್ ಪೀರಿಯಡ್, ಪ್ರಬಂಧಕ್ಕೆ ಇಷ್ಟೇ. ರಾತ್ರಿ ಹನ್ನೊಂದರ ಮೇಲೆ ಫಾರಂ ತುಂಬಬಹುದು, ಬರೆಯಲಾಗದು. ಗುರುಗಳನ್ನು ಕೇಳಿ ಭರತನಾಟ್ಯದ ತರಗತಿಯನ್ನು ನವೆಂಬರ್‌ವರೆಗೆ ತಿಂಗಳಿಗೊಂದಕ್ಕೆ ಇಳಿಸಿ. ರೋಬಾಟಿಕ್ಸಿನಲ್ಲಿ ಯಂತ್ರ ಕಟ್ಟುವ ಹೊಣೆ ಹನ್ನೊಂದನೇ ತರಗತಿಯವರಿಗೆ ಹೋಗಲಿ, ಇವಳು ದಾಖಲೆ ಪುಸ್ತಕ ನೋಡಿಕೊಳ್ಳಲಿ. ನಾಟಕದ ಪಾತ್ರ ಮಾತ್ರ ಬೇಡ. ಸಂಘದವರು ಹಾಲ್ ಸಿಕ್ಕ ಶನಿವಾರ ರಾಜ್ಯೋತ್ಸವ ಮಾಡುತ್ತಾರೆ, ಕಾಲೇಜಿನವರು ಹಾಗಲ್ಲ. ಮೊದಲೇ ಹಾಕುವ ಅರ್ಜಿಗಳಿಗೆ ಅವರಿಟ್ಟ ನವೆಂಬರ್ 1ರ ಗಡುವು ನವೆಂಬರ್ 1ರಂದೇ ಬರುತ್ತದೆ. ಹೊಸ ಕ್ಲಬ್ಬು, ಸೀನಿಯರ್ ವರ್ಷದಲ್ಲೇ ಹುಟ್ಟುವ ‘ಸೇವಾ ಸಂಸ್ಥೆ’, ಯಾವುದೂ ಬೇಡ. ಓದುವವರಿಗೆ ಅದರ ವಯಸ್ಸು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಚಟುವಟಿಕೆಗಳ ಪುಟದಲ್ಲಿ ಹತ್ತು ಜಾಗಗಳಿವೆ, ಹತ್ತನ್ನೂ ತುಂಬಲೇಬೇಕೆಂದಿಲ್ಲ. ಎಂಐಟಿ ತನ್ನದೇ ಅರ್ಜಿಯಲ್ಲಿ ಕೇಳುವುದು ನಾಲ್ಕನ್ನು ಮಾತ್ರ. ಕಾಮನ್ ಆ್ಯಪ್‌ನಲ್ಲಿ ಹುದ್ದೆಗೆ 50 ಅಕ್ಷರ, ವಿವರಣೆಗೆ 150, ಖಾಲಿ ಜಾಗವೂ ಲೆಕ್ಕಕ್ಕೆ. ಹುದ್ದೆಯಲ್ಲಿ ಬರೆದದ್ದನ್ನು ವಿವರಣೆಯಲ್ಲಿ ಮತ್ತೆ ಬರೆದು ಜಾಗ ಹಾಳು ಮಾಡಬಾರದು. ಭರತನಾಟ್ಯ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ 13 ಅಕ್ಷರ ಹೋಗುತ್ತದೆ, ಆದ್ದರಿಂದ ಅದು ಹುದ್ದೆ ಅಥವಾ ಸಂಸ್ಥೆಯ ಸಾಲಿಗೆ ಹೋಗಲಿ. ‘ನಾಯಕತ್ವ ಕಲಿತೆ’ ಅನ್ನುವುದಕ್ಕಿಂತ ಎಷ್ಟು ಜನ ಹೊಸ ವಾದಕರಿಗೆ ಪಾಠ ಹೇಳಿಕೊಟ್ಟಳು ಅನ್ನುವುದು ಬೇಕು.

ಒಂದೊಂದು ಚಟುವಟಿಕೆಗೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಅರ್ಜಿ ಕೇಳುತ್ತದೆ, ಆ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಆಗಸ್ಟಿನ ಬ್ಯಾಂಡ್ ಶಿಬಿರ ಒಂದು ವಾರಕ್ಕೆ 40 ಗಂಟೆ, ಆಮೇಲೆ 12 ವಾರ ವಾರಕ್ಕೆ 14 ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು 208; 13 ವಾರಕ್ಕೆ ಭಾಗಿಸಿದರೆ ವಾರಕ್ಕೆ 16. ಹಾಗೇ ಬರೆಯಬೇಕು. ಎಲ್ಲದಕ್ಕೂ ವಾರಕ್ಕೆ 20 ಗಂಟೆ, ವರ್ಷಕ್ಕೆ 52 ವಾರ ಎಂದು ತುಂಬಿದರೆ ನಾಲ್ಕು ಚಟುವಟಿಕೆಗೇ ವಾರಕ್ಕೆ 80 ಗಂಟೆ. ಶಾಲೆಗೆ ಯಾವಾಗ ಹೋದಳು ಎಂದು ಓದುವವರು ಕೇಳದೆ ಇರುತ್ತಾರೆಯೇ?

ಅರ್ಲಿ ಡಿಸಿಷನ್ ಬಗ್ಗೆ ನೀವು ಬರೆದಿಲ್ಲ, ಆದರೆ ಆ ಮಾತು ಬಂದೇ ಬರುತ್ತದೆ. ಮೊದಲೇ ಅರ್ಜಿ ಹಾಕಿ ಮೊದಲೇ ಉತ್ತರ ಪಡೆಯುವ ದಾರಿಗಳು ಎರಡು. ಅರ್ಲಿ ಆ್ಯಕ್ಷನ್‌ನಲ್ಲಿ ಸಾಮಾನ್ಯವಾಗಿ ಕಟ್ಟುಪಾಡಿಲ್ಲ, ಮೇ 1ರವರೆಗೆ ಯೋಚಿಸಬಹುದು. ಅರ್ಲಿ ಡಿಸಿಷನ್ ಹಾಗಲ್ಲ. ಅಲ್ಲಿ ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರ ಸಹಿಯೂ ಬೇಕು, ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳಬೇಕು. ಸಹಿಗೆ ಮೊದಲು ಆ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರಿನಲ್ಲಿ, ಅಂದರೆ ನೆರವು ಕಳೆದು ನೀವು ಕಟ್ಟಬೇಕಾದ ಅಂದಾಜು ಮೊತ್ತ ತೋರಿಸುವ ಪುಟದಲ್ಲಿ, ನಿಮ್ಮ ಆದಾಯ ಹಾಕಿ ನೋಡಿ. ಬಂದ ಮೊತ್ತ ನೋಡಿ ಯಜಮಾನರು ಹುಬ್ಬು ಗಂಟಿಕ್ಕಿದರೆ ಅರ್ಲಿ ಡಿಸಿಷನ್ ನಿಮಗಲ್ಲ. ಸರ್ಕಾರಿ ಹಣದ ನೆರವಿಗೆ ಹಾಕುವ ಫಾಫ್ಸಾ ಅರ್ಜಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಮಗಳಿಗೊಂದು, ಪೋಷಕರಿಗೊಂದು ಪ್ರತ್ಯೇಕ ಖಾತೆ ಬೇಕು, ಮೊದಲೇ ಮಾಡಿಡಿ. ಮಗಳು ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದವರ ಅವಲಂಬಿತರ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಸರ್ಕಾರದ ನೆರವು ಸಿಗದು. ಆಗ ತನ್ನನ್ನು ವಿದೇಶಿ ಅರ್ಜಿದಾರಳೆಂದು ಎಣಿಸುತ್ತಾರೆಯೇ ಎಂದು ಒಂದೊಂದು ಕಾಲೇಜಿಗೂ ಇಮೇಲ್ ಬರೆದು ಕೇಳಬೇಕು.

ಕಳಿಸುವ ದಿನ ನವೆಂಬರ್ 1 ಅಲ್ಲ, ಮನೆಯ ಮಟ್ಟಿಗೆ ಅಕ್ಟೋಬರ್ 25. ಮೊದಲು ಪಿಡಿಎಫ್ ಇಳಿಸಿಕೊಂಡು ಪ್ರತಿ ಪುಟ ಓದಿ. ಬೇರೆಡೆಯಿಂದ ತಂದು ಅಂಟಿಸಿದ ಪ್ರಬಂಧದಲ್ಲಿ ಪ್ಯಾರಾಗಳು ಕೂಡಿಕೊಂಡಿರುತ್ತವೆ. ಆಮೇಲೆ ಶುಲ್ಕ, ಸಹಿ, ಸಲ್ಲಿಕೆ. ಕೆಲವು ಕಾಲೇಜುಗಳ ಸಣ್ಣ ಪ್ರಬಂಧಗಳನ್ನು ಬೇರೆಯಾಗಿಯೇ ಸಲ್ಲಿಸಬೇಕು. ಮೊದಲ ಸಲ್ಲಿಕೆಗೆ ಪರದೆಯ ಮೇಲೆ ಬಣ್ಣದ ಚೂರುಗಳು ಉದುರುತ್ತಲೇ ಮಕ್ಕಳು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ, ಎರಡನೆಯದು ಹಾಗೇ ಉಳಿಯುತ್ತದೆ. ಕೆಲವು ದಿನಗಳಲ್ಲಿ ಕಾಲೇಜಿನಿಂದ ಪೋರ್ಟಲ್‌ನ ಇಮೇಲ್ ಬರುತ್ತದೆ, ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ. ಏನು ತಲುಪಿದೆ, ಏನು ಬಾಕಿ ಎಂದು ತಿಳಿಯುವುದು ಅಲ್ಲೇ. ವಾರಕ್ಕೊಮ್ಮೆ ನೋಡಲಿ.

ಡಿಸೆಂಬರ್ ನಡುವಿಗೆ ಉತ್ತರಗಳು ಬರತೊಡಗುತ್ತವೆ. ಹೂಂ, ಉಹೂಂ ಅಲ್ಲದೆ ‘ಮುಂದಕ್ಕೆ ಹಾಕಿದ್ದೇವೆ’ ಎಂಬ ಮೂರನೆಯದೂ ಇದೆ. ಅದು ಬಂದರೆ, ಕಾಲೇಜು ಬೇಡವೆಂದು ಹೇಳದಿದ್ದಲ್ಲಿ, ಜನವರಿಯಲ್ಲಿ ಅರ್ಧ ಪುಟದ ಪತ್ರ ಬರೆಯಬಹುದು: ಇನ್ನೂ ಆಸಕ್ತಿಯಿದೆ, ಅರ್ಜಿಯ ನಂತರ ನಡೆದದ್ದು ಇಷ್ಟು ಎಂದು. ಅರ್ಧವಾರ್ಷಿಕ ಗ್ರೇಡುಗಳು ಕೌನ್ಸೆಲರ್ ಕಡೆಯಿಂದ ಹೋಗುವುದೂ ಆಗಲೇ, ಹಾಗಾಗಿ ಓದಿನಲ್ಲಿ ಸಡಿಲ ಬಿಡುವಂತಿಲ್ಲ. ಆ ಅರ್ಧ ಪುಟದಲ್ಲಿ ಬರೆಯಲು ಏನಾದರೂ ಇರಬೇಕಲ್ಲ: ಬ್ಯಾಂಡಿನ ಕೊನೆಯ ಸ್ಪರ್ಧೆಯ ಫಲಿತಾಂಶ, ರೋಬಾಟಿಕ್ಸ್ ತಂಡ ತಲುಪಿದ ಸುತ್ತು. ಈಗ ಬಿಡಿಸಿಬಿಟ್ಟರೆ ಜನವರಿಯಲ್ಲಿ ಆ ಸಾಲುಗಳಿರುವುದಿಲ್ಲ. ನಿಮ್ಮ ಮನೆಯವರಿಗೆ ಇದನ್ನು ಹೇಳಿ ನೋಡಿ.